‘ಅಂತೆ’ ಚೀಟಿಗಳು: ನಾಲ್ಕನೇ ವಾರ

ಶಿರಸಿಯ ಪಿಯುಸಿ ಮಕ್ಕಳಿಗೆಂದು ಬರೆಯುತ್ತಿರುವ ಚೀಟಿಗಳು ಈ ವಾರ 36 ಆದವು. ಒಂದು ಬದಿ ಕೇಳಿದ ಸುದ್ದಿಯನ್ನೋ ಊಹೆಯನ್ನೋ ಹೇಳುವ ಕನ್ನಡ ವಾಕ್ಯ, ಇನ್ನೊಂದು ಬದಿ ಅದರ ಇಂಗ್ಲಿಷ್.

ಹೆಚ್ಚು ಹೊತ್ತು ತಿಂದದ್ದು ವಾಕ್ಯದ ಬಾಲಕ್ಕೆ ಜೋತುಬೀಳುವ ‘ಇಟ್ ಸೀಮ್ಸ್’. ‘ಹಿ ಹ್ಯಾಸ್ ಗಾನ್ ಟು ಕಾರವಾರ, ಇಟ್ ಸೀಮ್ಸ್.’ ಇದರ ಮೂಲ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕನ್ನಡದ ‘ಅಂತೆ’, ಹವ್ಯಕರ ‘ಅಡ’, ಕರಾವಳಿ ಕೊಂಕಣಿಯ ‘ಖಂಯ್’ ಮೂರೂ ಕೂರುವುದು ಮಾತಿನ ಕೊನೆಗೇ. ಆದರೆ ಹೊರಗಿನ ಇಂಗ್ಲಿಷ್ ಕಿವಿಗೆ ‘ಇಟ್ ಸೀಮ್ಸ್’ ಎಂದರೆ ಹೆಚ್ಚಾಗಿ ಹೇಳುವವನದೇ ಊಹೆ; ಯಾರೋ ಹೇಳಿದ್ದು ಎಂಬುದು ಕಳೆದುಹೋಗುತ್ತದೆ. ಬದಲಿಗೆ ‘ಅಪ್ಯಾರೆಂಟ್ಲಿ’ಯನ್ನು ವಾಕ್ಯದ ತಲೆಗಿಟ್ಟು ಅಲ್ಪವಿರಾಮ ಹಾಕಿದರೆ ಸಾಕು.

‘ಸಣ್ಣಿದ್ದಾಗ ನಾನು ಭಾರಿ ಅಳ್ತಿದ್ನಂತೆ’ ಎಂಬುದಕ್ಕೂ ಅದೇ ಒಪ್ಪುತ್ತದೆ. ಅಲ್ಲಿ ‘ಸಪೋಝಿಡ್ಲಿ’ ಬಂದರೆ ‘ಅವರು ಹಾಗಂತಾರೆ, ನನಗೇನೋ ನಂಬಿಕೆಯಿಲ್ಲ’ ಎಂಬ ಕೊಂಕು ಸೇರುತ್ತದೆ. ‘ದೊಡ್ಡ ಹೀರೋ ಅಂತೆ!’ ಎನ್ನುವಾಗ ಬೇಕಾದದ್ದು ಆ ಕೊಂಕೇ.

‘ಅಲೆಜಿಡ್ಲಿ’ ಆರೋಪಕ್ಕೆ ಮಾತ್ರ: ಅಡಿಕೆ ಕದ್ದನಂತೆ ಎನ್ನಲು ಸರಿ, ಅಡಿಕೆ ದರ ಏರಿತಂತೆ ಎನ್ನಲು ಸಲ್ಲ. ಉಚ್ಚಾರದಲ್ಲಿ ‘ಅ-ಲೆ-ಜಿಡ್-ಲಿ’ ನಾಲ್ಕು ತುಂಡು. ಕ್ರಿಯಾಪದ ‘ಅಲೆಜ್ಡ್’ ಎರಡೇ. ‘ರಿಪೋರ್ಟೆಡ್ಲಿ’ ಪತ್ರಿಕೆಯ ಮಾತು, ಕಟ್ಟೆ ಹರಟೆಗೆ ಹೊಂದದು.

ಒಂದು ಚೀಟಿ ಹರಿದು ಹಾಕಿದ್ದಾಯಿತು. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ‘ರಿಪೋರ್ಟೆಡ್ಲಿ’ ಕುಸಿಯಿತು ಎಂದಿತ್ತು. ಕುಸಿದದ್ದು ಖಚಿತ, ಅಲ್ಲಿ ಆ ಪದ ಇಲ್ಲದ ಅನುಮಾನ ಹುಟ್ಟಿಸುತ್ತದೆ.

‘ಪ್ರಾಬಬ್ಲಿ’ ಜಾಗ ತಪ್ಪುವುದು ನಿಷೇಧ ವಾಕ್ಯದಲ್ಲಿ. ‘ಹಿ ವಿಲ್ ಪ್ರಾಬಬ್ಲಿ ಕಮ್’ ಕಲಿತವರು ಅದೇ ಅಚ್ಚಿನಲ್ಲಿ ‘ಹಿ ವೋಂಟ್ ಪ್ರಾಬಬ್ಲಿ ಕಮ್’ ಎಂದುಬಿಡುತ್ತಾರೆ. ‘ಬಹುಶಃ ಬರಲಿಕ್ಕಿಲ್ಲ’ ಎಂಬುದಕ್ಕೆ ‘ಹಿ ಪ್ರಾಬಬ್ಲಿ ವೋಂಟ್ ಕಮ್’, ಅಂದರೆ ‘ವೋಂಟ್’ಗಿಂತ ಮುಂಚೆ. ‘ಮೇಬಿ’ ಕೂಡಿಸಿ ಬರೆಯಬೇಕೋ ಬಿಡಿಸಿಯೋ ಎಂಬ ಗೊಂದಲಕ್ಕೆ ಆ ಜಾಗದಲ್ಲಿ ‘ಪರ್ಹ್ಯಾಪ್ಸ್’ ಇಟ್ಟು ನೋಡಿ. ವಾಕ್ಯ ನಿಂತರೆ ಕೂಡಿಸಿ, ಮುರಿದರೆ ಬಿಡಿಸಿ.

‘ಬಂದಿರಬೇಕು’ ನಮ್ಮದೇ ತರ್ಕ, ಹಾಗಾಗಿ ‘ಪ್ರಿಸ್ಯೂಮಬ್ಲಿ’. ‘ಬಂದಿದ್ದಾನೋ ಏನೋ’ ಎಂಬುದಕ್ಕೆ ‘ಮೇಬಿ’ ಸಾಕು. ಉಳಿದದ್ದು ‘ಬಂದಿರಬೇಕಂತೆ’: ಊಹೆ ಒಬ್ಬರದು, ಸುದ್ದಿ ತಂದವರು ಇನ್ನೊಬ್ಬರು. ‘ಅಪ್ಯಾರೆಂಟ್ಲಿ’ ಜೊತೆ ‘ಮಸ್ಟ್ ಹ್ಯಾವ್’ ಸೇರಿಸಿದರೆ ಊಹೆ ಯಾರದೆಂದೇ ತಿಳಿಯದು. ಸದ್ಯಕ್ಕೆ ಕ್ರಿಯಾವಿಶೇಷಣ ಬಿಟ್ಟು ‘ದೇ ಥಿಂಕ್’ ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದೆ.