ನಾಲಿವುಡ್‌ಗೂ ಮುಂಚಿನ ಕಂಪನಿ: ಲೇಗೋಸಿನಿಂದ ಒಗುಂಡೆ ಕುರಿತು

ನೈಜೀರಿಯಾದ ಲೇಗೋಸಿಗೆ ಕೆಲಸಕ್ಕೆಂದು ಬರುವ ನಮ್ಮವರಿಗೆ ನಾಲಿವುಡ್, ಅಂದರೆ ಇಲ್ಲಿನ ಸಿನಿಮಾ ಉದ್ಯಮ, ಪರಿಚಯವಾಗಲು ಹೆಚ್ಚು ದಿನ ಬೇಕಿಲ್ಲ. ಸಲೂನಿನ ಟೀವಿಯಲ್ಲಿ, ಡ್ರೈವರ್ ಫೋನಿನಲ್ಲಿ, ಎಲ್ಲೆಲ್ಲೂ ಅದೇ. ಆದರೆ ಐವತ್ತು ದಾಟಿದ ಯೊರುಬಾ (ನೈಋತ್ಯ ನೈಜೀರಿಯಾದ ಜನಾಂಗ, ಅವರ ಭಾಷೆಯ ಹೆಸರೂ ಅದೇ) ಸಹೋದ್ಯೋಗಿಯ ಮುಂದೆ ಹ್ಯೂಬರ್ಟ್ ಒಗುಂಡೆಯ ಹೆಸರೆತ್ತಿ ನೋಡಿ: ಮಾತು ಸಿನಿಮಾ ಬಿಟ್ಟು ಹಾಡಿಗೆ ಹೊರಳುತ್ತದೆ. ಇಲ್ಲಿನ ಸಿನಿಮಾ ಹುಟ್ಟಿದ್ದು ಕ್ಯಾಮೆರಾದಿಂದಲ್ಲ, ಊರೂರು ತಿರುಗುವ ನಾಟಕದ ವಾಹನದಿಂದ. ಆ ವಾಹನ ಓಡಿಸಿದ ಮುಖ್ಯ ಮನುಷ್ಯ ಈತ.

1916ರಲ್ಲಿ ಇಜೆಬು ಒಡೆ ಪಕ್ಕದ ಒಸೊಸಾದಲ್ಲಿ ಹುಟ್ಟಿದವನು. ಮನೆಯಲ್ಲಿ ಚರ್ಚೂ ಇತ್ತು, ಯೊರುಬಾದವರ ಹಳೆಯ ಶಕುನ-ದೈವವಾದ ಇಫಾ ಪೂಜೆಯೂ ಇತ್ತು. ಹುಡುಗನಾಗಿದ್ದಾಗ ಅಲಾರಿಂಜೊ ಎಂಬ ಮುಖವಾಡದ ಸಂಚಾರಿ ಮೇಳಗಳ ಸಹವಾಸ. ಸ್ವಲ್ಪ ಕಾಲ ಮೇಷ್ಟ್ರು, ಆಮೇಲೆ ವಸಾಹತು ಪೊಲೀಸ್. ಪೊಲೀಸ್ ಸಮವಸ್ತ್ರದಲ್ಲಿದ್ದಾಗಲೇ ಒಂದು ಚರ್ಚಿಗಾಗಿ ಬೈಬಲ್ ಕಥೆಯ ಸಂಗೀತ ನಾಟಕ ಬರೆದ. ಅದು 1944ರ ಜೂನ್‌ನಲ್ಲಿ ಲೇಗೋಸಿನ ಗ್ಲೋವರ್ ಮೆಮೊರಿಯಲ್ ಹಾಲ್‌ನಲ್ಲಿ ಆಡಿತು. 1903ರಲ್ಲಿ ನೈಜೀರಿಯಾದ ಮೊದಲ ಸಿನಿಮಾ ಪ್ರದರ್ಶನ ನಡೆದದ್ದೂ ಅದೇ ಹಾಲ್‌ನಲ್ಲಿ. ಮರುವರ್ಷ ಪೊಲೀಸ್ ಕೆಲಸ ಬಿಟ್ಟು 'ಆಫ್ರಿಕನ್ ಮ್ಯೂಸಿಕ್ ರಿಸರ್ಚ್ ಪಾರ್ಟಿ' ಕಟ್ಟಿದ. ಹೆಸರು ಕೇಳಿದರೆ ವಿಶ್ವವಿದ್ಯಾಲಯದ ವಿಭಾಗ ಅನಿಸುತ್ತದೆ. ಆದದ್ದು ಅಪ್ಪಟ ವೃತ್ತಿ ಕಂಪನಿ.

ಗುಬ್ಬಿ ಕಂಪನಿಯ ಕ್ಯಾಂಪ್ ಕಥೆ ಕೇಳಿ ಬೆಳೆದವರಿಗೆ ಇದರ ಲೆಕ್ಕಾಚಾರ ಬೇಗ ಅರ್ಥವಾಗುತ್ತದೆ, ಒಂದು ವ್ಯತ್ಯಾಸ ಬಿಟ್ಟರೆ. ನಮ್ಮ ಕಂಪನಿಗಳು ಒಂದು ಊರಿನಲ್ಲಿ ಥಿಯೇಟರ್ ಹಾಕಿ ತಿಂಗಳುಗಟ್ಟಲೆ ಕೂರುತ್ತಿದ್ದವು. ಯೊರುಬಾ ಕಂಪನಿಗಳದ್ದು ಸಾಮಾನ್ಯವಾಗಿ ಒಂದು ರಾತ್ರಿಯ ಆಟ. ಬಂದಿಳಿಯುವುದು, ಧ್ವನಿವರ್ಧಕ ಕಟ್ಟಿಕೊಂಡು ಊರು ಸುತ್ತುವುದು, ಶಾಲೆಯ ಹಾಲೋ ಹೋಟೆಲಿನ ಅಂಗಳವೋ ಸಿಕ್ಕಿದಲ್ಲಿ ರಂಗ ಕಟ್ಟುವುದು, ಗೇಟಿನಲ್ಲಿ ದುಡ್ಡು ಎಣಿಸುವುದು, ಮುಂದಿನ ಊರು. ಹಾಗಾಗಿ ಭಾರೀ ಪರದೆ, ಸೀನರಿಗಳಿಗೆ ಜಾಗವಿಲ್ಲ. ಗಾಡಿಯಲ್ಲಿ ಹಿಡಿಸುವಷ್ಟೇ ನಾಟಕ; ಉಳಿದದ್ದನ್ನು ಹಾಡು, ಕುಣಿತ, ವೇಷ ತುಂಬಬೇಕು.

ಆಟದ ಕಟ್ಟು ಹೀಗೆ: ಮೊದಲು 'ಓಪನಿಂಗ್ ಗ್ಲೀ'. ತಂಡವೆಲ್ಲ ಸಾಲಾಗಿ ನಿಂತು ಕಥೆಯ ಸಾರವನ್ನು ಹಾಡಿಬಿಡುತ್ತದೆ. ಸಸ್ಪೆನ್ಸ್ ಹೋಯಿತಲ್ಲ ಎನ್ನಬೇಡಿ, ನೋಡುವವರಿಗೆ ಬೇಕಾದದ್ದು ಅದಲ್ಲ. ನಡುವೆ ನಾಟಕ, ಕೊನೆಗೆ 'ಕ್ಲೋಸಿಂಗ್ ಗ್ಲೀ'. ಆರಂಭದ ನಾಟಕಗಳಲ್ಲಿ ಮಾತು ಕಡಿಮೆ, ಹಾಡೇ ಹೆಚ್ಚು. ಮುಂದೆ ಮಾತು ಬೆಳೆಯಿತು. ಅದೂ ಪೂರ್ತಿ ಬರೆದದ್ದಲ್ಲ, ಸನ್ನಿವೇಶ ಹೇಳಿಕೊಟ್ಟು ನಟರ ಬಾಯಲ್ಲಿ ಬೆಳೆಸಿದ್ದು. ಯೊರುಬಾದಲ್ಲಿ ಸ್ವರದ ಏರಿಳಿತವೇ ಅರ್ಥ ನಿರ್ಧರಿಸುತ್ತದೆ. ಮಿಷನರಿಗಳು ಇಂಗ್ಲಿಷ್ ಕೀರ್ತನೆಯ ರಾಗಕ್ಕೆ ಯೊರುಬಾ ಪದ ತುಂಬಿದಾಗ ರಾಗ ಏರಿದಲ್ಲಿ ಪದ ಇಳಿಯಬೇಕಾಗಿ ಬಂದು ಅರ್ಥವೇ ಕೆಡುತ್ತಿತ್ತು. ಆಫ್ರಿಕನ್ ಚರ್ಚುಗಳು ಇದಕ್ಕೆ ಮದ್ದಾಗಿ ಮಾತಿನ ಏರಿಳಿತಕ್ಕೇ ರಾಗ ಕಟ್ಟಿಕೊಂಡವು. ಒಗುಂಡೆ ಕಲಿತು ಬಂದ ಗರಡಿ ಅದು. ಅದರ ಮೇಲೆ ಸ್ಯಾಕ್ಸೊಫೋನ್ ಕೂಡ ಸೇರಿಸಿದ. 1947ರಲ್ಲಿ ಲಂಡನ್ನಿಗೆ ಹೋಗಿ ಟ್ಯಾಪ್, ವಾಲ್ಟ್ಜ್ ಕುಣಿತ ಕಲಿತದ್ದೂ ಉಂಟು.

ಕಂಪನಿಗೆ ನಿಜವಾದ ತಲೆನೋವು ನಟಿಯರದು. 1946ರ 'ಟೈಗರ್ಸ್ ಎಂಪೈರ್' ನಾಟಕಕ್ಕೆ ಸಂಬಳದ ನಟಿಯರು ಬೇಕೆಂದು ಜಾಹೀರಾತು ಕೊಟ್ಟ. ಯೊರುಬಾ ರಂಗದಲ್ಲಿ ಹೆಂಗಸರು ವೃತ್ತಿ ಕಲಾವಿದೆಯರೆಂದು ಹೆಸರು ಹಾಕಿಸಿಕೊಂಡದ್ದು ಅಲ್ಲಿಂದ. ಆದರೆ ತರಬೇತಾದ ನಟಿ ಮದುವೆಯಾಗಿ ಹೋದರೆ ಅವಳ ಪಾತ್ರವಿದ್ದ ನಾಟಕಗಳೆಲ್ಲ ಒಟ್ಟಿಗೇ ನಿಲ್ಲುತ್ತವೆ. ಇವನು ಹುಡುಕಿದ ಉಪಾಯ, ನಟಿಯರನ್ನು ತಾನೇ ಮದುವೆಯಾಗುವುದು. ಹತ್ತಕ್ಕೂ ಹೆಚ್ಚು ಹೆಂಡತಿಯರು. ಅವರೂ ಮಕ್ಕಳೂ ಸೇರಿ ಕಂಪನಿಯ ಬೆನ್ನೆಲುಬು. ಇಲ್ಲಿಯವರು ಇದನ್ನು ನಗುತ್ತಾ ಹೇಳುತ್ತಾರೆ. ಕಂಪನಿ ದಶಕಗಟ್ಟಲೆ ಒಡೆಯದೆ ಉಳಿದದ್ದಕ್ಕೆ ಇದೊಂದು ಕಾರಣ ಎಂಬುದು ಸುಳ್ಳಲ್ಲ. ಆ ಹೆಂಗಸರ ದುಡಿಮೆಗೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ ಎಂಬುದೂ ಅಷ್ಟೇ ನಿಜ.

ಸರ್ಕಾರಗಳ ಜತೆ ಇವನಿಗೆ ಒಗ್ಗಿದ್ದೇ ಕಡಿಮೆ. 1945ರ ಸಾರ್ವತ್ರಿಕ ಮುಷ್ಕರದ ಬಿಸಿಯಲ್ಲೇ 'ಸ್ಟ್ರೈಕ್ ಅಂಡ್ ಹಂಗರ್' ಆಡಿದ. ಉತ್ತರದ ಜೋಸ್ ಪಟ್ಟಣದಲ್ಲಿ ಅದಕ್ಕೆ ನಿಷೇಧ ಬಿತ್ತು. 1949ರ ನವೆಂಬರಿನಲ್ಲಿ ಎನುಗುವಿನಲ್ಲಿ ಪೊಲೀಸರ ಗುಂಡಿಗೆ 21 ಗಣಿ ಕಾರ್ಮಿಕರು ಸತ್ತರು, ಮರುವರ್ಷವೇ 'ಬ್ರೆಡ್ ಅಂಡ್ ಬುಲೆಟ್' ಬಂತು. ಸ್ವಾತಂತ್ರ್ಯ ಬಂದ ಮೇಲೂ ಕಥೆ ಬದಲಾಗಲಿಲ್ಲ. 1964ರ 'ಯೊರುಬಾ ರೊನು'ವಿನಲ್ಲಿ ಒಬ್ಬ ರಾಜನಿಗೆ ಅವನ ಹತ್ತಿರದವನೇ ದ್ರೋಹ ಬಗೆಯುತ್ತಾನೆ. ಯೊರುಬಾದವರ ರಾಜಕೀಯ ನಾಯಕ ಅವೊಲೊವೊ ಆಗ ಜೈಲಿನಲ್ಲಿದ್ದ, ಅವನ ಹಳೆಯ ಜತೆಗಾರ ಅಕಿಂತೊಲಾ ಪಶ್ಚಿಮ ಪ್ರಾಂತ್ಯದ ಮುಖ್ಯಸ್ಥ. ಯಾರಿಗೆ ಹೇಳಿದ್ದೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಕಂಪನಿಗೆ ಆ ಇಡೀ ಪ್ರಾಂತ್ಯವೇ ಬಂದ್; ಅಂದರೆ ಗಲ್ಲಾ ತುಂಬುವ ಊರುಗಳೆಲ್ಲ ಬಂದ್. ಲೇಗೋಸ್ ಫೆಡರಲ್ ಸರ್ಕಾರದ ಕೆಳಗಿದ್ದುದರಿಂದ ಅಲ್ಲಿ ಉಸಿರಾಡಲು ಜಾಗ ಉಳಿಯಿತು. 1966ರ ಜನವರಿಯಲ್ಲಿ ಸೈನಿಕ ಕ್ರಾಂತಿಯಾಗಿ ಅಕಿಂತೊಲಾ ಹತನಾದ ಮೇಲೆ, ಮಿಲಿಟರಿ ಗವರ್ನರ್ ಫಜುಯಿ ಫೆಬ್ರವರಿಯಲ್ಲಿ ನಿಷೇಧ ತೆಗೆದ. ಆ ನಾಟಕದ ಹಾಡು ಈಗಲೂ ಚುನಾವಣೆ ಬಂದಾಗ ಕೇಳಿಸುತ್ತದೆ.

ಒಗುಂಡೆ ಸಿನಿಮಾಕ್ಕೆ ಬಂದದ್ದು ವಯಸ್ಸು ಅರವತ್ತು ದಾಟಿದ ಮೇಲೆ. 1976ರಲ್ಲಿ ಓಲಾ ಬಲೋಗುನ್ ನಿರ್ದೇಶಿಸಿದ 'ಅಜಾನಿ ಒಗುನ್' ಯೊರುಬಾ ಪ್ರೇಕ್ಷಕರು ಸಿನಿಮಾಕ್ಕೂ ಮುಗಿಬೀಳುತ್ತಾರೆಂದು ತೋರಿಸಿತ್ತು. ಅದೇ ಬಲೋಗುನ್ ಜತೆ 1979ರಲ್ಲಿ 'ಆಯೆ' ಮಾಡಿದ. ಆಮೇಲಿನವು ಬಲೋಗುನ್ ಇಲ್ಲದೆ: ಮರುವರ್ಷ 'ಜಾಯೆಸಿಮಿ', 1982ರಲ್ಲಿ 'ಅರೊಪಿನ್ ಎನ್ ತೆನಿಯಾ', 1988ರಲ್ಲಿ 'ಅಯಾನ್ಮೊ'. 'ಆಯೆ'ಯಲ್ಲಿ ಒಗುಂಡೆಯದು ಮಾಟಗಾತಿಯರ ಗುಂಪನ್ನು ಎದುರಿಸುವ ಒಸೆತುರಾನ ಪಾತ್ರ. ರಂಗದಲ್ಲಿ ತೋರಿಸಲಾಗದ ಮಾಯವಾಗುವಿಕೆ, ರೂಪ ಬದಲಿಸುವಿಕೆಗಳನ್ನು ಕ್ಯಾಮೆರಾ ಸಲೀಸಾಗಿ ಕೊಟ್ಟಿತು. ಮೂಢನಂಬಿಕೆ ಬೆಳೆಸುತ್ತಾನೆಂದು ಓದಿದವರು ಬೈದರು. ಜನ ಸಾಲು ನಿಂತರು.

ಆದರೆ ಫಿಲ್ಮ್ ದುಬಾರಿ. ಸಂಸ್ಕರಣೆಗೆ ಹೊರದೇಶದ ಲ್ಯಾಬ್, ಅಂದರೆ ವಿದೇಶಿ ವಿನಿಮಯ. ಕೈಯಲ್ಲಿರುವ ಪ್ರಿಂಟ್ ಕೆಲವೇ. ಆ ಕಾಲದ ನಿರ್ಮಾಪಕರು ಅದನ್ನು ಹಂಚಿಕೆದಾರರಿಗೆ ಬಿಡದೆ, ನಾಟಕದಂತೆಯೇ ತಾವೇ ಹೊತ್ತು ಊರೂರು ತೋರಿಸುತ್ತಿದ್ದರು, ಟಿಕೆಟ್ ಲೆಕ್ಕ ಕಣ್ಣೆದುರೇ ಇರಲೆಂದು. 1986ರ ಆರ್ಥಿಕ ಸುಧಾರಣೆಯಲ್ಲಿ ಇಲ್ಲಿನ ಹಣವಾದ ನೈರಾದ ಬೆಲೆ ಕುಸಿದಾಗ ಈ ಲೆಕ್ಕ ಕೈಕೊಟ್ಟಿತು. ಯೊರುಬಾ ಕಂಪನಿಗಳವರು ವಿಡಿಯೋಗೆ ಇಳಿದರು, ಆ ದಾರಿಯಲ್ಲೇ 1992ರ 'ಲಿವಿಂಗ್ ಇನ್ ಬಾಂಡೇಜ್' ಬಂದು ನಾಲಿವುಡ್ ಎಂಬ ಮಾರುಕಟ್ಟೆ ತೆರೆಯಿತು. ಒಗುಂಡೆ ಅದನ್ನು ನೋಡಲಿಲ್ಲ. 1986ರಿಂದ ರಾಷ್ಟ್ರೀಯ ಕಲಾತಂಡ ಕಟ್ಟುವ ಕೆಲಸದಲ್ಲಿದ್ದವನು 1990ರ ಏಪ್ರಿಲ್ 4ರಂದು ಲಂಡನ್ನಿನಲ್ಲಿ ತೀರಿಕೊಂಡ.

ನೋಡಬೇಕೆನ್ನುವವರಿಗೆ: ಮೊದಲು 'ಯೊರುಬಾ ರೊನು' ಹಾಡು ಕೇಳಿ, ಆಮೇಲೆ 'ಆಯೆ'. ಸಿಗುವ ಪ್ರತಿಗಳು ಸಾಮಾನ್ಯವಾಗಿ ಮಸುಕು, ಸಬ್‌ಟೈಟಲ್ ಇರುತ್ತದೆಂಬ ಭರವಸೆ ಬೇಡ. ಯೊರುಬಾ ಬಲ್ಲ ಗೆಳೆಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಸೊಸಾಗೆ ಹೋಗುವುದಾದರೆ ಲೇಗೋಸ್–ಇಬಾದಾನ್ ಎಕ್ಸ್‌ಪ್ರೆಸ್‌ವೇ ಹಿಡಿದು ಶಗಾಮು ಬಳಿ ಬೆನಿನ್ ರಸ್ತೆಗೆ ತಿರುಗಬೇಕು. ಬೆಳಗ್ಗೆ ಬೇಗ ಹೊರಟು ಬೆಳಕಿರುವಾಗಲೇ ವಾಪಸಾಗಿ. ತಿಂಗಳ ಮೊದಲ ಶುಕ್ರವಾರ ಮಾತ್ರ ಬೇಡ: ಆ ದಾರಿಯಲ್ಲಿರುವ ರಿಡೆಂಪ್ಷನ್ ಕ್ಯಾಂಪಿನ ಪ್ರಾರ್ಥನಾ ಸಭೆಗೆ ಬರುವ ವಾಹನಗಳಿಂದ ಗಂಟೆಗಟ್ಟಲೆ ರಸ್ತೆಯಲ್ಲೇ ಕೂರಬೇಕಾದೀತು.