ಬಸ್ಸಾರಿನ ಪಲ್ಯ ಯಾರ ತಟ್ಟೆಗೆ?

ನಮ್ಮನೇಲಿ ಬಸ್ಸಾರು ಮಾಡಿದ ದಿನ ಪಲ್ಯ ನನ್ನ ತಟ್ಟೆವರೆಗೆ ಬರೋದು ಅಪರೂಪ. ಮಂಡ್ಯ ಕಡೆಯೋರಿಗೆ ಬಿಡಿಸಿ ಹೇಳಬೇಕಿಲ್ಲ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಲ್ಲಿ ಸಾರು, ಉಳಿದ ಗಟ್ಟಿಗೆ ಒಗ್ಗರಣೆ ಹಾಕಿದ್ರೆ ಪಲ್ಯ. ಮಾವ, ಯಜಮಾನರು, ಮೈದುನ, ಮಗ ಮೊದಲು ಕೂರ್ತಾರೆ. ಮುದ್ದೆ ಪಕ್ಕ ಪಲ್ಯ ಎರಡೆರಡು ಸಲ ಬೀಳುತ್ತೆ. ಆಮೇಲೆ ಅತ್ತೆ, ನಾನು. ಅಷ್ಟೊತ್ತಿಗೆ ಬಾಣಲೇಲಿ ಒಣಮೆಣಸಿನಕಾಯಿ ಮಾತ್ರ. ಸಾರಿಗೇನೂ ಬರ ಇಲ್ಲ, ಅನ್ನಕ್ಕಂತೂ ಇಲ್ವೇ ಇಲ್ಲ. ಮಿಕ್ಕ ಅನ್ನ ಚೆಲ್ಲೋಕೆ ಮನಸ್ಸಾಗದೆ ಸಾರು ಕಲಸ್ಕೊಂಡು ನಾನೇ ಮುಗಿಸ್ತೀನಿ. ಮಗ ಬಿಟ್ಟ ಅರ್ಧ ದೋಸೆಯೂ ನನ್ನ ಲೆಕ್ಕಕ್ಕೇ.

ನಗು ಬರೋ ವಿಷಯ ಏನಂದ್ರೆ, ನಾನು ಅಂಗನವಾಡಿ ಕಾರ್ಯಕರ್ತೆ. ಸೊಪ್ಪು ತಿನ್ನಿ, ಕಾಳು ತಿನ್ನಿ ಅಂತ ಊರಿನ ಹೆಂಗಸರಿಗೆ ಹದಿನಾಲ್ಕು ವರ್ಷದಿಂದ ಹೇಳ್ಕೊಂಡು ಬಂದೋಳು. ಹೋದ ವರ್ಷ ಊರಲ್ಲಿ ತಪಾಸಣೆ ಶಿಬಿರ ಆಯ್ತು. ಎಲ್ಲರನ್ನೂ ಕರ್ಕೊಂಡು ಬಂದು ಕೂರಿಸಿ, ಕೊನೆಗೆ ನಾನೂ ಬೆರಳು ಚುಚ್ಚಿಸ್ಕೊಂಡೆ. ಹಿಮೋಗ್ಲೋಬಿನ್ 8.9. ಎತ್ತರ ಐದಡಿ, ತೂಕ 71 ಕೆಜಿ. ಸಿಸ್ಟರ್ ನನ್ನ ಮೈ ನೋಡಿದ್ರು, ಮಿಷನ್ ನೋಡಿದ್ರು, ಇನ್ನೊಂದು ಬೆರಳು ಕೊಡಿ ಅಂದ್ರು. ಎರಡನೇ ಸಲವೂ ಒಂಬತ್ತು ದಾಟಲಿಲ್ಲ. ಇರಬೇಕಾದ್ದು 12.

ರಕ್ತ ಕಮ್ಮಿ ಇರೋದು ಕಡ್ಡಿ ಥರ ಇರೋರಿಗೆ ಅಂತ ನಾನೂ ನಂಬಿದ್ದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿದೆ. ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ, ಗಂಡಸರಲ್ಲಿ 19.6. ಅದೇ ಹೆಂಗಸರಲ್ಲಿ ತೂಕ ಕಮ್ಮಿ ಇರೋರು 17.2, ಹೆಚ್ಚಿರೋರು 30.1. ಮುಟ್ಟು, ಹೆರಿಗೆ ಕಾರಣ ಅಂತೀರಾ, ಒಪ್ಪಿದೆ. ಅದಕ್ಕೇ ತಾನೆ ದಿನಕ್ಕೆ ಗಂಡಸಿಗೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕು, ಹೆಂಗಸಿಗೆ 29 ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳಿರೋದು. ನಮ್ಮನೆ ಲೆಕ್ಕದಲ್ಲಿ ಸೊಪ್ಪು ಆ ಕಡೆ, ಅನ್ನ ಈ ಕಡೆ. ಹೊಟ್ಟೆ ತುಂಬುತ್ತೆ, ಮೈ ಊದುತ್ತೆ, ಮೆಟ್ಟಿಲು ಹತ್ತಿದ್ರೆ ಏದುಸಿರು.

ಸರ್ಕಾರಕ್ಕೂ ಈ ಮನೆ ಲೆಕ್ಕ ಗೊತ್ತಿತ್ತು. ಗರ್ಭಿಣಿಗೆ ಅಂತ ಕೊಟ್ಟ ರೇಷನ್ ಮನೆಗೆ ಹೋದ್ರೆ ಎಲ್ಲರ ಪಾಲಾಗುತ್ತೆ ಅಂತಲೇ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆ ಶುರುವಾಯ್ತು. ತಿಂಗಳಿಗೆ 25 ದಿನ ಅಂಗನವಾಡಿ ಕೇಂದ್ರಕ್ಕೇ ಬಂದು ನಮ್ಮ ಕಣ್ಣೆದುರೇ ಉಣ್ಣಬೇಕು: ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ. ಕೂಲಿಗೆ ಹೋಗೋರಿಗೆ ಮಧ್ಯಾಹ್ನ ಬರೋದು ಕಷ್ಟ, ಬಾಣಂತೀನ ಹೊರಗೆ ಕಳಿಸಲ್ಲ ಅನ್ನೋ ಅತ್ತೆಯರು ಬೇರೆ. ಆದರೂ ಯೋಚನೆ ಸರಿಯೇ ಇತ್ತು ಅಂತ ನಾನು ಇವತ್ತಿಗೂ ಹೇಳ್ತೀನಿ. ಕೊರೊನಾ ಕಾಲದಲ್ಲಿ ಕೇಂದ್ರ ಮುಚ್ಚಿ ರೇಷನ್ ಮನೆಗೇ ಕೊಟ್ವಲ್ಲ, ಆಗ ಏಳು ತಿಂಗಳ ಗರ್ಭಿಣಿ ಒಬ್ಬಳನ್ನ ಕೇಳಿದೆ, "ಮೊಟ್ಟೆ ತಿಂದ್ಯೇನವ್ವ?" ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು ನಕ್ಕಳು. "ಎಲ್ಲಾರೂ ತಿಂದೋ ಮಿಸ್ಸು." ಅವಳ ಗಂಡ ಅಲ್ಲೇ ಜಗಲಿ ಮೇಲೆ ಕೂತಿದ್ದ. ಇನ್ನೊಂದು ಪ್ರಶ್ನೆ ಕೇಳೋ ಧೈರ್ಯ ನನಗಾಗಲಿಲ್ಲ.

ನಮ್ಮನೇಲೇ ಶುರು ಮಾಡೋಣ ಅಂತ ಹೋದ ಭಾನುವಾರ ಹಠ ಮಾಡಿ ಅತ್ತೇನೂ ಗಂಡಸರ ಜೊತೇಲೇ ಕೂರಿಸಿದೆ. ನಲವತ್ತು ವರ್ಷ ಕೊನೇಲಿ ಉಂಡ ಜೀವ ಅದು, ಕೂತರೂ ಮೈಯೆಲ್ಲ ಮುದುರಿಕೊಂಡಿತ್ತು. ಅವರೆಕಾಳಿನ ಸಾರು. ಸೌಟು ತಳಕ್ಕೆ ಇಳಿಸಿ, ಕಾಳು ತುಂಬ್ಕೊಂಡು ಮೊದಲು ಅವರ ತಟ್ಟೆಗೇ ಬಡಿಸಿದೆ. ಮಾವ ತಲೆ ಎತ್ತಿ ನೋಡಿದ್ರು, ಏನೂ ಅನ್ನಲಿಲ್ಲ. ನಾನು ಅನ್ನ ತರೋಕೆ ಒಳಗೆ ಹೋಗಿ ಬರೋಷ್ಟರಲ್ಲಿ ಅತ್ತೆ ಒಂದೊಂದೇ ಕಾಳು ಆರಿಸಿ ಮೊಮ್ಮಗನ ತಟ್ಟೆಗೆ ಹಾಕ್ತಿದ್ರು. ಅವನಿಗೆ ಹತ್ತು ವರ್ಷ, 46 ಕೆಜಿ. ನಾನು ಕಣ್ಣು ಬಿಟ್ಟಿದ್ದಕ್ಕೆ, "ತಿನ್ಲಿ ಬುಡವ್ವ, ಬೆಳೆಯೋ ಮಗ" ಅಂದ್ರು.