ಪೈನ್ ಕ್ರೀಕ್ ಇಳಿಯುವ ದಿನ

ಪೈನ್ ಕ್ರೀಕ್ ಎಂಬ ಬಂಡೆ ಕೊರಕಲನ್ನು ಹಗ್ಗ ಹಿಡಿದು ಇಳಿಯುವವರಿಗೆ, ಮೊದಲ ಇಳಿತದ ಬುಡದಲ್ಲಿ ನಿಂತು ಹಗ್ಗ ಎಳೆದುಕೊಂಡ ಮೇಲೆ ವಾಪಸು ಹೋಗುವ ದಾರಿ ಇಲ್ಲ. ಬೆನ್ನ ಹಿಂದೆ ಹಿಡಿಯಲು ಬೆರಳಗಲದ ಅಂಚೂ ಸಿಗದ ನುಣುಪು ಗೋಡೆ, ಮುಂದೆ ಬಿಸಿಲನ್ನೇ ಕಾಣದ ನೀರು. ಆ ದಿನ ಸುಸೂತ್ರವಾಗಿ ಕಳೆಯುತ್ತದೋ ಇಲ್ಲವೋ ಎನ್ನುವುದು ಮುಕ್ಕಾಲು ಪಾಲು ಆ ಹಗ್ಗ ಎಳೆಯುವ ಮೊದಲೇ ತೀರ್ಮಾನವಾಗಿರುತ್ತದೆ.

ಜಾಗ ಅಮೆರಿಕದ ಯೂಟಾ ರಾಜ್ಯದ ಝಯಾನ್ ರಾಷ್ಟ್ರೀಯ ಉದ್ಯಾನ. ಇಲ್ಲಿಯದು ನವಾಹೊ ಮರಳುಗಲ್ಲು. ಜುರಾಸಿಕ್ ಕಾಲದ ಮರಳುಗಾಡಿನ ದಿಬ್ಬಗಳೇ ಒತ್ತಿ ಕಲ್ಲಾದದ್ದು. ಗೋಡೆಯ ಮೇಲಿನ ಓರೆ ಗೆರೆಗಳಲ್ಲಿ ಅಂದಿನ ಗಾಳಿ ಮರಳನ್ನು ಯಾವ ಕಡೆಗೆ ಒಟ್ಟುತ್ತಿತ್ತೆಂದು ಇಂದಿಗೂ ಓದಬಹುದು. ಈ ಕಲ್ಲಿನ ಬಿರುಕು ಹಿಡಿದು ಹರಿದ ಮಳೆನೀರು, ಹೊತ್ತು ತಂದ ಮರಳಿನಿಂದಲೇ ಅದನ್ನು ಅರೆದು ಅರೆದು ಆಳಕ್ಕೆ ಕೊರೆದಿದೆ. ಕೆಲವು ಕಡೆ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಇಂಥ ಸೀಳುಗಳಿಗೆ ಸ್ಲಾಟ್ ಕ್ಯಾನ್ಯನ್ ಎಂದು ಹೆಸರು. ಪೈನ್ ಕ್ರೀಕ್‌ನ ದರ್ಜೆ 3ಬಿ. 3 ಎಂದರೆ ಹಗ್ಗ ಬೇಕೇ ಬೇಕು. ಬಿ ಎಂದರೆ ಈಜಬೇಕಾದ ನೀರಿದೆ, ಆದರೆ ಸೆಳೆತವಿಲ್ಲ. ಅದರ ಉದ್ದನೆಯ ಇಳಿತ 100 ಅಡಿ, ಅದೂ ಕಟ್ಟಕಡೆಗೆ.

ಬೆಳಗಿನ ಮೊದಲ ಕೆಲಸ ಆಕಾಶದ ಲೆಕ್ಕ. ಝಯಾನ್‌ನ ಕೊರಕಲುಗಳಿಗೆ ಹಠಾತ್ ಪ್ರವಾಹದ ಸಂಭವವನ್ನು ಹವಾಮಾನ ಇಲಾಖೆ ಪ್ರತಿದಿನ ನಾಲ್ಕು ಹಂತಗಳಲ್ಲಿ ಹೇಳುತ್ತದೆ: ನಿರೀಕ್ಷೆಯಿಲ್ಲ, ಸಾಧ್ಯ, ಬಹುಮಟ್ಟಿಗೆ ಸಾಧ್ಯ, ನಿರೀಕ್ಷಿತ. 2015ರ ಸೆಪ್ಟೆಂಬರ್ 14ರಂದು ಇದೇ ಉದ್ಯಾನದ ಕೀಹೋಲ್ ಕ್ಯಾನ್ಯನ್‌ಗೆ ಇಳಿದಿದ್ದ ಏಳು ಮಂದಿಯೂ ನೀರುಪಾಲಾದರು. ಆ ಬೆಳಗ್ಗೆ ಇದ್ದದ್ದು ಮೂರನೆಯ ಹಂತ. ಕೀಹೋಲ್ ಬಲು ಚಿಕ್ಕ ಕೊರಕಲು, ಇಳಿತಗಳೂ ಗಿಡ್ಡ, ಸುಲಭದ್ದೆಂದೇ ಹೆಸರು. ನೀರು ಬಂದಾಗ ಆ ಸುಲಭ ಯಾವ ಲೆಕ್ಕಕ್ಕೂ ಬರಲಿಲ್ಲ. ಇಲ್ಲಿ ಮೇಲಿನ ನೆಲವೆಲ್ಲ ಬೋಳು ಬಂಡೆ. ಹೀರಿಕೊಳ್ಳಲು ಮಣ್ಣಿಲ್ಲ, ತಡೆಯಲು ಬೇರಿಲ್ಲ, ಬಿದ್ದ ಮಳೆ ಬಿದ್ದ ಹಾಗೇ ಸೀಳಿಗೆ ಇಳಿಯುತ್ತದೆ. ಅರಿಜೋನಾದ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ 1997ರ ಆಗಸ್ಟ್ 12ರಂದು 11 ಪ್ರವಾಸಿಗರು ತೀರಿಕೊಂಡದ್ದು ಮೈಲುಗಟ್ಟಲೆ ದೂರದಲ್ಲಿ ಸುರಿದ ಮಳೆಯಿಂದ. ತಲೆಯ ಮೇಲೆ ಕಾಣುವ ಒಂದು ಗೇಣು ನೀಲಿ ಆಕಾಶವನ್ನು ನಂಬಿ ಇಳಿಯಬಾರದು. ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗು ಮಳೆಯ ಕಾಲ. ಆಗ ಇಳಿಯುವುದಾದರೆ ಬೆಳಕು ಹರಿಯುವಾಗಲೇ ಹೊರಟು ಮಧ್ಯಾಹ್ನಕ್ಕೆ ಮೊದಲು ಆಚೆ ಬರಬೇಕು. ಎರಡನೆಯ ಹಂತ ದಾಟಿದ ದಿನ ಅನುಮತಿ ಚೀಟಿ ಜೇಬಿನಲ್ಲೇ ಇರಲಿ, ಇಳಿಯುವುದು ಬೇಡ.

ಇನ್ನೊಂದು ಲೆಕ್ಕ ವಾಹನದ್ದು. ಕೊರಕಲಿನ ಬಾಯಿ ಇರುವುದು ಝಯಾನ್-ಮೌಂಟ್ ಕಾರ್ಮೆಲ್ ಸುರಂಗದ ಪೂರ್ವ ತುದಿಯಲ್ಲಿ. ಹೊರಬೀಳುವುದು ಸುರಂಗದ ಆಚೆ, ಕೆಳಗೆ, ಹೆದ್ದಾರಿಯ ತಿರುವಿನಲ್ಲಿ. 1.1 ಮೈಲಿಯ ಆ ಸುರಂಗದೊಳಗೆ ಕಾಲ್ನಡಿಗೆ ನಿಷಿದ್ಧ. ಉದ್ಯಾನದ ಬಸ್ಸೂ ಆ ಕಡೆ ಬರುವುದಿಲ್ಲ. ಆದ್ದರಿಂದ ಎರಡು ಕಾರು ಇದ್ದು, ಒಂದನ್ನು ಮೊದಲೇ ಕೆಳಗೆ ಬಿಟ್ಟು ಬಂದರೆ ನೆಮ್ಮದಿ. ಒದ್ದೆ ಬಟ್ಟೆಯಲ್ಲಿ ಸಂಜೆ ರಸ್ತೆ ಬದಿ ನಿಂತು ಯಾರಾದರೂ ಹತ್ತಿಸಿಕೊಂಡಾರೇ ಎಂದು ಕಾಯುವುದು ದಣಿದ ಗುಂಪಿಗೆ ಕಷ್ಟ.

ರಸ್ತೆಯಿಂದ ಇಳಿದು ಸೇತುವೆಯ ಕೆಳಗೆ ಮರಳಿನಲ್ಲಿ ನಿಂತು ವೆಟ್‌ಸೂಟ್, ಅಂದರೆ ನೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು, ಹಾಕುವಾಗ ಬೆವರು ಧಾರೆಯಾಗಿ ಇಳಿಯುತ್ತದೆ. ಇಷ್ಟು ಸೆಕೆಯಲ್ಲಿ ಇದೇಕೆ ಅನ್ನಿಸುವುದು ಸಹಜ. ಆದರೂ ಇಲ್ಲೇ ಹಾಕಿಕೊಳ್ಳಬೇಕು, ಮುಂದೆ ಹಾಕಲು ಜಾಗವೂ ಸಿಗದು, ಬೆರಳೂ ಬಗ್ಗದು. ಮೇಲೆ 40 ಡಿಗ್ರಿ ಇರಬಹುದು, ಸೀಳಿನೊಳಗಿನ ಮಡುವಿಗೆ ಬಿಸಿಲು ತಾಗುವುದೇ ಇಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಕಸಿಯುತ್ತದೆ. ಬೇಸಿಗೆಯಲ್ಲೂ 4/3ರ ವೆಟ್‌ಸೂಟ್ ಬೇಕು, ಅಂದರೆ ಎದೆ ಬೆನ್ನಿಗೆ 4 ಮಿ.ಮೀ., ಕೈಕಾಲಿಗೆ 3 ಮಿ.ಮೀ. ದಪ್ಪದ್ದು. ತೆಳ್ಳಗಿನ ಮೈಯವರಿಗೆ 5 ಮಿ.ಮೀ. ವಾಸಿ. ಕಾಲಿಗೆ ಅದೇ ನಿಯೊಪ್ರೀನ್ ರಬ್ಬರಿನ ಕಾಲುಚೀಲ. ಹತ್ತಿ ಬಟ್ಟೆ ಒಳಗೂ ಬೇಡ, ಹೊರಗೂ ಬೇಡ.

ಚೀಲದ ಮಾತು ಬೇಗ ಮುಗಿಸುತ್ತೇನೆ. ತಳದಲ್ಲಿ ನೀರು ಬಸಿಯುವ ತೂತುಗಳಿರಬೇಕು. ಇಲ್ಲದಿದ್ದರೆ ಪ್ರತಿ ಮಡು ದಾಟಿದಾಗಲೂ ಹತ್ತು ಲೀಟರ್ ನೀರನ್ನು ಬೆನ್ನ ಮೇಲೆ ಹೊತ್ತು ಏಳಬೇಕಾಗುತ್ತದೆ. ಒಣ ಬಟ್ಟೆ, ಊಟ, ಟಾರ್ಚ್, ಪ್ರಥಮ ಚಿಕಿತ್ಸೆಯ ಸಾಮಾನು ನೀರು ನುಗ್ಗದ ಡ್ರೈ ಬ್ಯಾಗ್‌ನೊಳಗೆ. ಅದರ ಬಾಯನ್ನು ಮೂರು ಸುತ್ತಾದರೂ ಸುರುಳಿ ಸುತ್ತಿ ಮುಚ್ಚಬೇಕು. ಒಳಗೆ ಸಿಕ್ಕಿಕೊಂಡ ಗಾಳಿಯೇ ಈಜುವಾಗ ಚೀಲವನ್ನು ತೇಲಿಸುತ್ತದೆ.

ಹಗ್ಗದ ವಿಷಯ ಮಾತ್ರ ಬೇಗ ಮುಗಿಯುವಂಥದ್ದಲ್ಲ. ಬಂಡೆ ಹತ್ತುವವರ ಹಿಗ್ಗುವ ಹಗ್ಗ ಇಲ್ಲಿಗೆ ಹೊಂದುವುದಿಲ್ಲ. ಅದರಲ್ಲಿ ಜೋತಾಡಿದರೆ ಅಂಚಿನ ಮೇಲೆ ಗರಗಸದ ಹಾಗೆ ಮೇಲೆ ಕೆಳಗೆ ಉಜ್ಜಿ ಸವೆಯುತ್ತದೆ. ಬೇಕಾದದ್ದು 8ರಿಂದ 9 ಮಿ.ಮೀ.ಯ, ಹಿಗ್ಗದ ಸ್ಟ್ಯಾಟಿಕ್ ಹಗ್ಗ. ಇಳಿಯುವುದು ಒಂದೇ ಎಳೆಯ ಮೇಲೆ. ಹಗ್ಗವನ್ನು ಬಂಡೆಗೆ ಬಿಗಿಯುವ ಆಸರೆಗೆ ಆಂಕರ್ ಎಂದು ಹೆಸರು. ಅದರ ವೆಬಿಂಗ್ ಎಂಬ ಚಪ್ಪಟೆ ನೇಯ್ಗೆ ಪಟ್ಟಿಯಲ್ಲಿ ತಿರುಪಿನ ಉಕ್ಕಿನ ಕೊಂಡಿ ಇರುತ್ತದೆ. ಹಗ್ಗವನ್ನು ಅದರೊಳಗೆ ತೂರಿಸಿ, ಒಂದು ಬದಿಯಲ್ಲಿ ಕೊಂಡಿಗೆ ತಾಗಿದ ಹಾಗೆ ಕ್ಯಾರಬಿನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಕ್ಕೆ) ಇಟ್ಟು ಕ್ಲೋವ್ ಹಿಚ್ ಗಂಟಿನಿಂದ ಬಿಗಿಯುತ್ತಾರೆ. ಕ್ಯಾರಬಿನರ್ ಕೊಂಡಿಯೊಳಗೆ ನುಸುಳಲಾರದು, ಹಗ್ಗ ಅಲ್ಲಿಗೇ ನಿಲ್ಲುತ್ತದೆ. ಇಳಿಯುವುದು ಇನ್ನೊಂದು ಬದಿಯ ಎಳೆಯಲ್ಲಿ. ಎಲ್ಲರೂ ಇಳಿದ ಮೇಲೆ ಕ್ಯಾರಬಿನರ್ ಇರುವ ಬದಿಯನ್ನು ಎಳೆದರೆ ಹಗ್ಗವೆಲ್ಲ ಕೆಳಗೆ ಬರುತ್ತದೆ.

ಈ ಏರ್ಪಾಡಿನಲ್ಲಿ ಪ್ರಾಣ ತೆಗೆಯುವ ತಪ್ಪು ಒಂದಿದೆ: ತಪ್ಪು ಎಳೆಗೆ ಕೊಕ್ಕೆ ಹಾಕಿಕೊಳ್ಳುವುದು. ಎಳೆಯುವ ಬದಿಯಲ್ಲಿ ತೂಕ ಬಿದ್ದರೆ ಹಗ್ಗ ಕೊಂಡಿಯೊಳಗಿಂದ ಸರಸರನೆ ಓಡುತ್ತದೆ. ಎರಡೂ ಎಳೆಗಳು ಒಂದೇ ಬಣ್ಣದವು, ಕೈ ಮರಗಟ್ಟಿದೆ, ಬೆಳಕು ಕಡಿಮೆ. ಆದ್ದರಿಂದ ಇಳಿಯುವ ಮೊದಲು, ಮೈಗೆ ಬಿಗಿದ ಸುರಕ್ಷತಾ ಪಟ್ಟಿ ಇನ್ನೂ ಆಂಕರ್‌ನಲ್ಲಿರುವಾಗಲೇ, ಪೂರ್ತಿ ತೂಕವನ್ನು ಹಗ್ಗದ ಮೇಲೆ ಹಾಕಿ ನೋಡಬೇಕು. ಹಗ್ಗ ಕದಲಲಿಲ್ಲವೆಂದರೆ ಮಾತ್ರ ಪಟ್ಟಿ ಬಿಚ್ಚುವುದು. ಎಷ್ಟೇ ಪಳಗಿದವರಿದ್ದರೂ ಈ ಐದು ಸೆಕೆಂಡು ಉಳಿಸಲು ಹೋಗಬಾರದು.

ಮಡುವಿಗೆ ಇಳಿಯುವಾಗ ಹಗ್ಗದ ಉದ್ದವೇ ಎಲ್ಲ. ಒಣನೆಲವಾದರೆ ನಾಲ್ಕು ಮಾರು ಹೆಚ್ಚಿದ್ದರೂ ಕೆಡುಕಿಲ್ಲ. ನೀರಿನಲ್ಲಿ ಹೆಚ್ಚಿನ ಹಗ್ಗ ತೇಲಿ ಸುರುಳಿಯಾಗಿ ಕಾಲಿಗೆ ಸುತ್ತುತ್ತದೆ. ಅದು ಸಾಲದೆಂಬಂತೆ, ನೀರು ಮುಟ್ಟಿದ ಮೇಲೂ ಬಾಲವಿನ್ನೂ ಉಳಿದಿರುವುದರಿಂದ ಹಗ್ಗ ತಾನಾಗಿ ಕಳಚದು. ನೆಲ ತಾಗದ ನೀರಿನಲ್ಲಿ ಕಾಲು ಬಡಿಯುತ್ತ, ಒಂದೇ ಕೈಯಲ್ಲಿ ಫಿಗರ್ ಎಯ್ಟ್, ಅಂದರೆ 8ರ ಆಕಾರದ ಇಳಿಯುವ ಸಾಧನ, ಬಿಡಿಸಬೇಕಾಗುತ್ತದೆ. ಹಗ್ಗದ ತುದಿ ನೀರನ್ನು ತಾಗಿಯೂ ತಾಗದ ಹಾಗೆ ಇರಲಿ. ಆಗ ಇಳಿಯುವವರು ಸೊಂಟದವರೆಗೆ ಮುಳುಗುತ್ತಿದ್ದಂತೆ ತುದಿ ಸಾಧನದಿಂದ ತಾನೇ ಜಾರುತ್ತದೆ, ಬಿಡಿಸುವ ಕೆಲಸವೇ ಇರುವುದಿಲ್ಲ. ಇದೇ ಕಾರಣಕ್ಕೆ ಇಂಥ ಕಡೆ ತುದಿಗೆ ಗಂಟು ಹಾಕುವುದಿಲ್ಲ. ಮೇಲಿನಿಂದ ನೀರು ಕಾಣದಿದ್ದರೆ ಮೊದಲಿನವರನ್ನು ತೂಕ ಇರುವಾಗಲೂ ಮೇಲಿನಿಂದ ಸಡಿಲಿಸಬಹುದಾದ ಗಂಟಿನ ಮೇಲೆ ಇಳಿಸಿ, ಶಿಳ್ಳೆಯ ಸನ್ನೆಗೆ ತಕ್ಕಂತೆ ಒಂದೊಂದು ಅಡಿ ಸಡಿಲಿಸಿ ಉದ್ದ ಹೊಂದಿಸುತ್ತಾರೆ. ಆ ಗಂಟು ಇನ್ನೊಂದು ಆಪತ್ತಿಗೂ ಆಗುತ್ತದೆ. ಜೋತಾಡುವ ಕೂದಲೋ ಅಂಗಿಯ ಚುಂಗೋ ಸಾಧನಕ್ಕೆ ಸಿಕ್ಕಿ ನಡುವೆಯೇ ನಿಂತವರನ್ನು ಮೇಲಿನವರು ಹಗ್ಗ ಬಿಟ್ಟು ಕೆಳಗಿಳಿಸಬಹುದು. ಚಾಕು ಬಳಸುವ ಯೋಚನೆ ಬರುವ ಮೊದಲು ಇದು ನೆನಪಾಗಬೇಕು, ಏಕೆಂದರೆ ತೂಕ ಹೊತ್ತು ಬಿಗಿದ ಹಗ್ಗ ಚಾಕುವಿನ ಅಲಗು ತಾಗಿದರೆ ಸಾಕು, ಹರಿದುಹೋಗುತ್ತದೆ.

ಎಷ್ಟೇ ಚೆಂದದ ಮಡುವಿದ್ದರೂ ಹಾರಬಾರದು. ಹಿಂದಿನ ವಾರ ಎಂಟು ಅಡಿ ಆಳವಿದ್ದದ್ದು ಒಂದು ಪ್ರವಾಹದ ಮರಳು ತುಂಬಿ ಮೊಣಕಾಲುದ್ದವಾಗಿರಬಹುದು, ಕಂದು ನೀರಿನಡಿ ಮರದ ದಿಮ್ಮಿ ಸಿಕ್ಕಿಕೊಂಡಿರಬಹುದು. ಪ್ರವಾಹ ಆಂಕರ್‌ನ ಎತ್ತರವನ್ನೂ ಬದಲಿಸುತ್ತದೆ. ನೆಲದ ಮರಳು ಕೊಚ್ಚಿಹೋದರೆ ಎದೆಮಟ್ಟದಲ್ಲಿದ್ದ ಬೋಲ್ಟ್ ತಲೆಯ ಮೇಲೆ ಕಾಣುತ್ತದೆ. ವೆಬಿಂಗ್ ಪಟ್ಟಿಯನ್ನು ಕಣ್ಣಿಗೆ ಬೀಳುವ ಕಡೆಯಷ್ಟೇ ನೋಡಿ ನಂಬುವಂತಿಲ್ಲ. ಸುತ್ತಲೂ ಬೆರಳಾಡಿಸಿ, ಬಂಡೆಗೆ ಒತ್ತಿಕೊಂಡ ಹಿಂಬದಿಯನ್ನು ತಿರುಗಿಸಿ ನೋಡಬೇಕು, ತರಚುವುದು ಅಲ್ಲೇ. ಬಿಸಿಲಿಗೆ ಬಣ್ಣಗೆಟ್ಟು, ಮಡಿಸಿದರೆ ಒಣ ತೊಗಲಿನ ಹಾಗೆ ಬಿರುಸಾಗಿದ್ದರೆ ಕತ್ತರಿಸಿ ಚೀಲಕ್ಕೆ ಹಾಕಿ, 1 ಇಂಚಿನ ಹೊಸ ಪಟ್ಟಿ ಕಟ್ಟಿ, ಗಂಟಿನ ಎರಡೂ ಬಾಲಗಳನ್ನು ಕನಿಷ್ಠ 3 ಇಂಚು ಬಿಡಬೇಕು. ಒಬ್ಬೊಬ್ಬರಲ್ಲೂ ನಾಲ್ಕೈದು ಮೀಟರ್ ಪಟ್ಟಿ ಇರಲಿ.

ಇನ್ನು ಚಳಿ. ಈ ದಿನದಲ್ಲಿ ಚಳಿ ಹಿಡಿಸುವುದು ಈಜಲ್ಲ, ಕಾಯುವುದು. ಈಜು ಒಂದು ನಿಮಿಷದ್ದು, ಆಗ ಮೈ ದುಡಿಯುತ್ತಿರುತ್ತದೆ. ಆರು ಜನರ ಗುಂಪಿನಲ್ಲಿ ಒಬ್ಬೊಬ್ಬರ ಇಳಿತಕ್ಕೆ ಐದು ನಿಮಿಷವಾದರೆ ಮೊದಲು ಇಳಿದವರು ಇಪ್ಪತ್ತೈದು ನಿಮಿಷ ಒದ್ದೆಯಲ್ಲಿ ನಿಂತಂತೆ. ಅದು ಮೂರು ಸಲ ಆದರೆ ಯಾವ ವೆಟ್‌ಸೂಟೂ ಕಾಯದು. ಹಗ್ಗದ ಉದ್ದ ಸರಿ ಇರಲಿ, ಗಂಟು ಒಂದೇ ಸಲಕ್ಕೆ ಬೀಳಲಿ ಎಂದು ಇಷ್ಟು ಒತ್ತಿ ಹೇಳುವುದು ಅದಕ್ಕೇ. ಬಳಿಯಲ್ಲಿ ಎರಡನೆಯ ಹಗ್ಗವಿದ್ದರೆ, ಮೊದಲು ಇಳಿದ ಇಬ್ಬರು ಅದನ್ನು ಹಿಡಿದು ಮುಂದೆ ಹೋಗಿ ಮುಂದಿನ ಇಳಿತ ಸಿದ್ಧಮಾಡಲಿ. ಹಿಂದಿನವರು ಬರುವ ಹೊತ್ತಿಗೆ ಅಲ್ಲಿ ನಿಲ್ಲುವ ಕೆಲಸವಿರದು. ನಡುಗು ಬಂತೆಂದರೆ ಮೈ ಇನ್ನೂ ಹೋರಾಡುತ್ತಿದೆ ಎಂದರ್ಥ. ಮಾತು ತೊದಲಿದಾಗ, ಕ್ಯಾರಬಿನರ್‌ನ ತಿರುಪು ಬೆರಳಿಗೆ ಸಿಗದಿದ್ದಾಗ, ಸಮನೆಲದಲ್ಲೂ ಕಾಲು ಎಡವಿದಾಗ ಹೆದರಬೇಕು. ಅಂಥವರನ್ನು ಒಂಟಿಯಾಗಿ ಹಗ್ಗಕ್ಕೆ ಬಿಡಬಾರದು. ಕೆಳಗೊಬ್ಬರು ಹಗ್ಗದ ತುದಿ ಹಿಡಿದಿದ್ದು, ಜಾರಿದರೆ ಜಗ್ಗಿ ನಿಲ್ಲಿಸಬೇಕು. ತಿನ್ನಲು ಸಿಹಿ ಕೊಟ್ಟು, ಮೊದಲು ಸಿಗುವ ಒಣ ಮರಳಿನಲ್ಲಿ ತಲೆಗೆ ಒಣ ಟೋಪಿ ಹಾಕಿಸಬೇಕು.

ಒಂದೆಡೆ ಸೀಳು ಅಗಲವಾಗಿ, ಮೇಲೆ ಬಂಡೆಗಳು ಬಾಗಿ ಗೂಡಿನಂಥ ಕೋಣೆಯಾಗುತ್ತದೆ. ಮೇಲಿನ ಸಂದಿಯಿಂದ ಬಿದ್ದ ಬೆಳಕು ಎದುರು ಗೋಡೆಗೆ ತಾಗಿ, ಅಲ್ಲಿಂದ ಈಚೆಗೆ ಹಾಯ್ದು ನೀರಿನವರೆಗೆ ಇಳಿಯುವಷ್ಟರಲ್ಲಿ ಕೆಂಡದ ಬಣ್ಣಕ್ಕೆ ತಿರುಗಿರುತ್ತದೆ. ಕಲ್ಲಿನಲ್ಲಿರುವ ಕಬ್ಬಿಣದ ತುಕ್ಕಿನ ಕೆಂಪು ಅದು. ಇಷ್ಟು ಹೊತ್ತು ಗಂಟುಗಳನ್ನೇ ನೋಡಿದ ಕಣ್ಣು ಇಲ್ಲಿ ಒಂದು ನಿಮಿಷ ಮೇಲಕ್ಕೆ ಹೋಗಲಿ. ಇದಕ್ಕೆಂದೇ ಅಲ್ಲವೇ ಇಷ್ಟೆಲ್ಲ ಹೊತ್ತು ಬಂದದ್ದು.

ಹಗ್ಗ ಸಿಕ್ಕಿಬೀಳುವುದು ಈ ಕೊರಕಲುಗಳ ದೊಡ್ಡ ಕಾಟ. ಮರಳುಗಲ್ಲು ಎಷ್ಟು ಮೆದು ಎಂದರೆ ಸಾವಿರಾರು ಹಗ್ಗಗಳನ್ನು ಎಳೆದ ಅಂಚಿನಲ್ಲಿ ಬೆರಳಾಳದ ತೋಡುಗಳು ಬಿದ್ದಿವೆ. ಹಗ್ಗ ಅದರೊಳಗೆ ಕುಳಿತರೆ ಹಿಂದೆ ಬರುವ ಕ್ಯಾರಬಿನರ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಹಾಗಾಗಿ ಕೊಂಡಿ ಅಂಚನ್ನು ದಾಟಿ ಆಚೆ ಬರುವಷ್ಟು ಉದ್ದದ ಪಟ್ಟಿ ಇರಬೇಕು. ಕೊನೆಗೆ ಇಳಿಯುವವರು ಎರಡೂ ಎಳೆಗಳನ್ನು ತೋಡಿನಿಂದ ಹೊರಗಿಟ್ಟು, ಒಂದಕ್ಕೊಂದು ಸುತ್ತದಂತೆ ಬಿಡಿಸಿಕೊಂಡು ಇಳಿಯಬೇಕು. ಅವರು ಇಳಿಯುವ ಮೊದಲೇ ಕೆಳಗಿನವರು ಒಂದೆರಡು ಅಡಿ ಎಳೆದು ನೋಡಲಿ, ಕ್ಯಾರಬಿನರ್ ಸರಾಗವಾಗಿ ಕದಲುತ್ತದೆಯೇ ಎಂದು ಮೇಲಿನವರು ಕಣ್ಣಾರೆ ನೋಡಲಿ. ಆಮೇಲೆ ಅದನ್ನು ಮತ್ತೆ ಕೊಂಡಿಗೆ ಸೇರಿಸಿ ಇಳಿಯಬಹುದು. ಇಷ್ಟಾಗಿಯೂ ಸಿಕ್ಕಿದರೆ ಹಿಂದಕ್ಕೆ ಸರಿದು ಬೇರೆ ಕೋನದಿಂದ ಎಳೆಯಿರಿ, ಅಲೆ ಎಬ್ಬಿಸಿ ಝಾಡಿಸಿ. ಎರಡೂ ತುದಿ ಕೆಳಗೆ ಕೈಯಲ್ಲಿದ್ದರೆ ಎರಡನ್ನೂ ಸೇರಿಸಿ, ತೂಕ ಬಿದ್ದಾಗ ಹಗ್ಗವನ್ನು ಬಿಗಿಯಾಗಿ ಹಿಡಿಯುವ ಪ್ರೂಸಿಕ್ ಕುಣಿಕೆಗಳಿಂದ ಹತ್ತಿ ಬಿಡಿಸಬಹುದು. ಒಂದು ತುದಿ ಮೇಲೆ ಹೋಗಿದ್ದರೆ ಆ ಹಗ್ಗದ ಮೇಲೆ ಹತ್ತುವ ಮಾತೇ ಬೇಡ. ಅದನ್ನು ಹಿಡಿದಿರುವುದು ಒಂದು ಬಿರುಕೋ ಒಂದು ಹರಳೋ ಯಾರಿಗೂ ಕಾಣದು. ಸಿಕ್ಕಷ್ಟು ಕತ್ತರಿಸಿಕೊಂಡು ಎರಡನೆಯ ಹಗ್ಗದಲ್ಲಿ ಮುಂದುವರಿಯಬೇಕು. ಎರಡನೆಯದು ಇಲ್ಲದ ಗುಂಪು ರಕ್ಷಣೆಯವರು ಬರುವವರೆಗೆ ರಾತ್ರಿಯಿಡೀ ಅಲ್ಲೇ ಕೂರಬೇಕಾಗುತ್ತದೆ.

ಕೊನೆಯ ಇಳಿತಕ್ಕೆ ಮೊದಲು ನಿಂತು ಲೆಕ್ಕ ಹಾಕಬೇಕು. 100 ಅಡಿ ಇಳಿಯಲು 100, ಎಳೆಯಲು ಇನ್ನು 100. 60 ಮೀಟರ್ ಎಂದರೆ 197 ಅಡಿ, ಅಷ್ಟುದ್ದದ ಒಂದೇ ಹಗ್ಗ ಸಾಲದು. ಎಳೆಯಲು 6 ಮಿ.ಮೀ.ಯ ತೆಳು ಹುರಿಯನ್ನು ಜೋಡಿಸಿಕೊಂಡರೆ ಚಿಂತೆಯಿಲ್ಲ. ಅಂಚು ದಾಟಿದ ಸ್ವಲ್ಪದರಲ್ಲೇ ಗೋಡೆ ಕಾಲಿಗೆ ಸಿಗದೆ ಹಿಂದೆ ಸರಿಯುತ್ತದೆ, ಮೈ ಬಯಲಲ್ಲಿ ನಿಧಾನಕ್ಕೆ ಬುಗುರಿಯ ಹಾಗೆ ತಿರುಗುತ್ತದೆ. ಒದ್ದೆಯಾದ ತೆಳು ಹಗ್ಗ ಬೇಗ ಜಾರುತ್ತದೆ, ಬೆನ್ನ ಮೇಲೆ ನೀರು ಕುಡಿದ ಚೀಲ ಬೇರೆ. ಇಳಿಯುವ ಸಾಧನದಲ್ಲಿ ಹಿಡಿತ ಹೆಚ್ಚಿಸುವ ಕೊಂಬಿಗೆ ಹಗ್ಗವನ್ನು ಇನ್ನೊಂದು ಸುತ್ತು ಹಾಕುವುದನ್ನು ಅಂಚಿನ ಮೇಲಿರುವಾಗಲೇ ಮುಗಿಸಬೇಕು; ಚೀಲವನ್ನು ಬೆನ್ನಿಂದ ತೆಗೆದು ಸೊಂಟಕ್ಕೆ ಬಿಗಿದ ಹಾರ್ನೆಸ್‌ನಿಂದ ಕೆಳಗೆ ತೂಗಿಬಿಟ್ಟರೆ ಹಿಂದಕ್ಕೆ ಮಗುಚುವುದಿಲ್ಲ. ಕೆಳಗೆ ಒಸರು ನೀರಿನ ಪಕ್ಕದಲ್ಲಿ ಜರೀಗಿಡಗಳು ಹಸಿರಾಗಿ ಹಬ್ಬಿವೆ.

ಅಲ್ಲಿಂದ ರಸ್ತೆಯವರೆಗೆ ಬಂಡೆಯಿಂದ ಬಂಡೆಗೆ ಇಳಿಯುವ ದಾರಿ. ಎಡೆ ಎಡೆಯಲ್ಲಿ ತಲೆಯೆತ್ತಿದರೆ ಸುರಂಗದ ಕಿಟಕಿಗಳು ಬಂಡೆಯ ಮುಖದಲ್ಲಿ ಕಾಣುತ್ತವೆ. 1930ರಲ್ಲಿ ಮುಗಿದ ಸುರಂಗದ ಕಲ್ಲುಪುಡಿಯನ್ನು ಆ ಕಿಟಕಿಗಳಿಂದಲೇ ಈ ಕಣಿವೆಗೆ ತಳ್ಳಿದ್ದರು. ದಣಿದ ಕಾಲು ಉಳುಕುವುದು ಹೆಚ್ಚಾಗಿ ಇಲ್ಲಿ, ಅಪಾಯ ಮುಗಿಯಿತೆಂದು ಎಲ್ಲರೂ ಮಾತಿಗೆ ತೊಡಗಿದಾಗ. ಹೆಲ್ಮೆಟ್ ರಸ್ತೆ ಸಿಗುವವರೆಗೂ ತಲೆಯ ಮೇಲೇ ಇರಲಿ.

ಹಗ್ಗವನ್ನು ಅದೇ ಸಂಜೆ ಸಿಹಿನೀರಿನಲ್ಲಿ ಜಾಲಿಸಬೇಕು. ಮರಳು ಹೊದಿಕೆಯೊಳಗೆ ಉಳಿದರೆ ಒಳಗಿನ ಎಳೆಗಳನ್ನು ಕೊಯ್ಯುತ್ತಲೇ ಇರುತ್ತದೆ. ನೆರಳಿನಲ್ಲಿ ಒಣಗಿಸುವಾಗ ಪೂರ್ತಿ ಉದ್ದವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಾಯಿಸುತ್ತ ಬನ್ನಿ. ಎಲ್ಲಾದರೂ ಹೊದಿಕೆ ಕೂದಲೆದ್ದಂತೆ ಒರಟಾಗಿದ್ದರೆ, ಅಥವಾ ಹಗ್ಗ ಮೆತ್ತಗೆ ಚಪ್ಪಟೆಯಾಗಿ ಬೆರಳಿಗೆ ಸಿಕ್ಕಿದರೆ, ಅಲ್ಲಿಂದ ಒಂದು ಮೊಳ ಈಚೆಗೇ ಕತ್ತರಿಸಿ, ಉಳಿದದ್ದನ್ನು ಅಳೆದು ಹೊಸ ಉದ್ದವನ್ನು ತುದಿಯ ಮೇಲೆ ಬರೆದಿಡಬೇಕು.